ಮಾತಿಲ್ಲದ ಹಾಡಿಗೊಂದು ಹೆಸರು ಬೇಕಂತೆ

ನಮ್ಮ ಬ್ಯಾಂಡಿನಲ್ಲಿ ಹಾಡುವವರು ಯಾರೂ ಇಲ್ಲ. ಇದ್ದ ಒಬ್ಬಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೋದಳು. ಆಮೇಲೆ ನಾವು ನಾಲ್ಕು ಜನ ಸುಮ್ನೆ ನುಡಿಸಿಕೊಂಡು ಇದ್ದೇವೆ. ಎರಡು ಗಿಟಾರ್, ಡ್ರಮ್ಸ್, ನನ್ನದು ಬೇಸ್ ಗಿಟಾರ್. ಟ್ಯೂನ್ ಹೇಗೋ ಆಗಿಬಿಡುತ್ತೆ. ಅದಕ್ಕೊಂದು ಹೆಸರಿಡಬೇಕಲ್ಲ, ಅಲ್ಲಿಂದ ಜಗಳ ಶುರು.

ಮಾತಿರುವ ಹಾಡಾದರೆ ಪಲ್ಲವಿಯಿಂದ ಎರಡು ಪದ ಎತ್ತಿಕೊಂಡರೆ ಮುಗೀತು. ನಮ್ಮ ಸಂಗೀತ ಕಚೇರಿಗಳಲ್ಲೂ ಈ ತಲೆನೋವು ಕಮ್ಮಿ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕದನಕುತೂಹಲ ರಾಗ ಶುರು ಮಾಡಿದರೆ ಸಾಕು, ಮುಂದಿನ ಸಾಲಿನಲ್ಲಿ ಕೂತ ಅಜ್ಜ ಆ ರಾಗದ ಕೃತಿ ‘ರಘುವಂಶ ಸುಧಾ’ ಅಂತ ತುಟಿ ಆಡಿಸುತ್ತಿದ್ದರು. ವಾದ್ಯದಲ್ಲಿ ಪದ ಇಲ್ಲ, ಆದರೆ ಕೇಳುವವರ ಬಾಯಲ್ಲಿ ಇದೆ. ಹೆಸರು ಕೃತಿಯ ಜೊತೆಗೇ ಬಂದಿರುತ್ತೆ. ನಮ್ಮಂಥವರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು?

ನನ್ನ ವಾದ ಇಷ್ಟೇ. ಪ್ರಾಕ್ಟೀಸಿನಲ್ಲಿ ಬಾಯಿಗೆ ಬಂದ ಹೆಸರೇ ಹೆಸರು. ರಿಲೀಸ್ ಅಂದ ತಕ್ಷಣ ನಿಘಂಟು ಹುಡುಕಬೇಡಿ. ಈ ಮಾತನ್ನು ಪೆಟ್ಟು ತಿಂದು ಹೇಳುತ್ತಿದ್ದೇನೆ.

ನಾವು ಪ್ರಾಕ್ಟೀಸ್ ಮಾಡುವ ರೂಮಿನ ಗೋಡೆ ಆಚೆಗೆ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪೆಟ್ಟಿಗೆ ಇದೆ. ಸಂಜೆ ಆರೂವರೆಗೆ ಓನರ್ ಆಂಟಿ ಬಂದು ಮೋಟರ್ ಹಾಕುತ್ತಾರೆ. ಆ ಮನೆಯ ಅರ್ಥಿಂಗ್ ಹಾಳಾಗಿ ಎಷ್ಟು ಕಾಲ ಆಯಿತೋ, ಮೋಟರ್ ಶುರುವಾದ ಕೂಡಲೇ ನನ್ನ ಆಂಪ್ (ಬೇಸಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಗುಂಯ್ ಅನ್ನೋಕೆ ಹತ್ತುತ್ತೆ. ನಮ್ಮ ಕರೆಂಟಿನದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನ, ಆ ಗುಂಯ್ ಹುಟ್ಟುವುದು ಅದರಿಂದಲೇ. ಬೇಸಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನಲ್ಲಿ (ಗಿಟಾರಿನ ಕೊರಳಿನ ಮೇಲಿನ ಅಡ್ಡಪಟ್ಟಿ) ಬರುವ ಜಿ ಸ್ವರ 49 ಹರ್ಟ್ಸ್. ಹೆಚ್ಚು ಕಮ್ಮಿ ಒಂದೇ. ಎಷ್ಟೋ ದಿನ ಆ ಗುಂಯ್ ಜೊತೆ ಗುದ್ದಾಡಿ ಸಾಕಾಗಿ, ಒಂದು ದಿನ ಅದನ್ನೇ ತಂಬೂರಿ ಅಂದುಕೊಂಡು ಜಿ ಹಿಡಿದು ಕೂತೆ. ಡ್ರಮ್ಮರ್ ಮೆಲ್ಲಗೆ ಸೇರಿಕೊಂಡ. ಟ್ಯಾಂಕ್ ತುಂಬಿ ಆಂಟಿ ಮೋಟರ್ ಆಫ್ ಮಾಡುವಷ್ಟರಲ್ಲಿ ನಮ್ಮ ಕೈಯಲ್ಲಿ ಒಂದು ಟ್ಯೂನ್ ಇತ್ತು. ಅವತ್ತಿಂದ ಅದು ‘ಮೋಟರ್’. “ಮೋಟರ್ ಹಾಕೋಣ್ವಾ?” ಅಂದರೆ ನಾಲ್ಕೂ ಜನಕ್ಕೆ ಗೊತ್ತು.

ಆನ್‌ಲೈನ್‌ಗೆ ಹಾಕುವ ದಿನ ನಮ್ಮ ಗಿಟಾರಿಸ್ಟ್‌ಗಳಲ್ಲೊಬ್ಬ ತಗಾದೆ ತೆಗೆದ. “ಮೋಟರ್ ಅಂತ ಹಾಕಿದ್ರೆ ಯಾರು ಕೇಳ್ತಾರೆ ಮಗಾ?” ವಾಟ್ಸಾಪಿನಲ್ಲಿ ಎರಡು ಗಂಟೆ ಚರ್ಚೆ. ‘ಮೌನ’ ಬಂತು, ‘ಅನಂತ’ ಬಂತು, ‘ಹರಿವು’ ಬಂತು. ಕೊನೆಗೆ ಇಟ್ಟಿದ್ದು ‘ಅಂತರ್ಜಲ’. ಬೋರ್‌ವೆಲ್ ಪಂಚೆ ಉಟ್ಟು, ಶಲ್ಯ ಹೊದ್ದು ಬಂದ ಹಾಗೆ! ಮುಂದಿನ ವಾರ ಯಾರೋ ಮೆಸೇಜ್ ಕಳಿಸಿದ್ದರು, ಬತ್ತಿದ ಕೆರೆಗಳ ನೋವೆಲ್ಲ ಇದರಲ್ಲಿ ಕೇಳಿಸಿತು ಸರ್ ಅಂತ. ನಾಚಿಕೆ ಆಯಿತು. ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಇದು ಹಳೇ ಕಾಯಿಲೆ. ‘ಮೂನ್‌ಲೈಟ್’ ಅನ್ನುವುದು ಬೀಥೋವನ್ ಇಟ್ಟ ಹೆಸರಲ್ಲ. ಆ ಪಿಯಾನೋ ಸೊನಾಟಾ ಅವನು ಬರೆದಿದ್ದು 1801ರಲ್ಲಿ. ಆಮೇಲೆ ಯಾವಾಗಲೋ ರೆಲ್‌ಸ್ಟಾಬ್ ಅನ್ನುವ ವಿಮರ್ಶಕ, ಕೇಳಿದರೆ ಲ್ಯೂಸರ್ನ್ ಸರೋವರದ ಮೇಲೆ ಬೆಳದಿಂಗಳು ಬಿದ್ದ ಹಾಗಿದೆ ಅಂದ. ಅಂದಿದ್ದೇ ಅಂದಿದ್ದು, ಈಗ ಚಂದ್ರನನ್ನು ಬಿಟ್ಟು ಅದನ್ನು ಕೇಳೋಕೆ ಆಗುತ್ತಾ? ನನಗಂತೂ ಆಗಲ್ಲ. ಇನ್ನು ಅಮೆರಿಕದ ಗಿಟಾರಿಸ್ಟ್ ಲಿಂಕ್ ರೇ 1958ರಲ್ಲಿ ನುಡಿಸಿದ ‘ರಂಬಲ್’ ನೋಡಿ. ಒಂದೇ ಒಂದು ಮಾತಿಲ್ಲದ ಗಿಟಾರ್ ಟ್ಯೂನ್. ರಂಬಲ್ ಅಂದರೆ ಅಲ್ಲಿನ ಹುಡುಗರ ಬಾಯಲ್ಲಿ ಬೀದಿ ಹೊಡೆದಾಟ. ಹುಡುಗರು ಕೆಡುತ್ತಾರೆ ಅಂತ ಅಮೆರಿಕದ ಕೆಲವು ರೇಡಿಯೋದವರು ಅದನ್ನು ಹಾಕಲೇ ಇಲ್ಲ. ಗಿಟಾರಿನ ಗೊರಗೊರ ಸದ್ದೂ ಕಾರಣ ಇರಬಹುದು, ಆದರೆ ಅದಕ್ಕೇ ‘ಸಂಡೆ ಮಾರ್ನಿಂಗ್’ ಅಂತ ಹೆಸರಿಟ್ಟಿದ್ದರೆ ಅಷ್ಟು ಹೆದರುತ್ತಿದ್ದರಾ?

ನನಗೆ ಇಷ್ಟವಾಗುವ ಹೆಸರುಗಳು ಬೇರೆ ಥರದವು. ‘ಗ್ರೀನ್ ಆನಿಯನ್ಸ್’ ತಗೊಳ್ಳಿ. 1962, ಅಮೆರಿಕದ ಮೆಂಫಿಸ್, ಸ್ಟ್ಯಾಕ್ಸ್ ಸ್ಟುಡಿಯೋ. ಆರ್ಗನ್ ನುಡಿಸಿದ ಬೂಕರ್ ಟಿ. ಜೋನ್ಸ್‌ಗೆ ಆಗ 17 ವರ್ಷ. ಇನ್ನೊಂದು ಟ್ಯೂನಿನ ರೆಕಾರ್ಡ್ ತಟ್ಟೆಯ ಹಿಂಬದಿಗೆ ಏನಾದರೂ ಬೇಕಿತ್ತು, ಅದಕ್ಕೆ ಮಾಡಿದ್ದು. ಹೆಸರು ನೋಡಿದರೆ ಈರುಳ್ಳಿ ಸೊಪ್ಪು! ಟ್ಯೂನಿನಲ್ಲಿ ಈರುಳ್ಳಿ ಎಲ್ಲೂ ಇಲ್ಲ, ಘಾಟು ಮಾತ್ರ ಇದೆ.

ಕೆನಡಾದ ರಷ್ ಬ್ಯಾಂಡ್‌ದು ಇನ್ನೂ ಮಜಾ. ಅವರ 1981ರ ‘ವೈವೈಝೆಡ್’ ಅಂದರೆ ಟೊರಾಂಟೊ ಏರ್‌ಪೋರ್ಟಿನ ಕೋಡ್. ವಿಮಾನಗಳಿಗೆ ಅದು ಮೋರ್ಸ್ ಅನ್ನುವ, ಉದ್ದ-ಗಿಡ್ಡ ಸದ್ದುಗಳ ಸಂಕೇತದಲ್ಲಿ ಕೇಳಿಸುತ್ತಿತ್ತು. ವೈ ಅಂದರೆ ಉದ್ದ, ಗಿಡ್ಡ, ಉದ್ದ, ಉದ್ದ. ಅದು ಎರಡು ಸಲ. ಝೆಡ್ ಅಂದರೆ ಉದ್ದ, ಉದ್ದ, ಗಿಡ್ಡ, ಗಿಡ್ಡ. ಮೇಜಿನ ಮೇಲೆ ತಟ್ಟಿ ನೋಡಿ, ಹಾಡಿನ ಶುರು ಅದೇ. ಇಲ್ಲಿ ಹೆಸರು ಆಮೇಲೆ ಅಂಟಿಸಿದ್ದಲ್ಲ, ಹೆಸರನ್ನೇ ನುಡಿಸಿದ್ದಾರೆ. ಇದು ಗ್ರ್ಯಾಮಿ ಪ್ರಶಸ್ತಿಗೆ ನಾಮಿನೇಟ್ ಆಗಿ ಸೋತಿತು. ಯಾವುದರ ಎದುರು ಗೊತ್ತಾ? ‘ದಿ ಪೊಲೀಸ್’ ಬ್ಯಾಂಡಿನ ‘ಬಿಹೈಂಡ್ ಮೈ ಕ್ಯಾಮಲ್’. ನನ್ನ ಒಂಟೆಯ ಹಿಂದೆ! ಒಂಟೆಯ ಹಿಂದೆ ಏನು ಬಿದ್ದಿರುತ್ತೆ ಅಂತ ನೀವೇ ಊಹಿಸಿಕೊಳ್ಳಿ. ಅವರ ಬೇಸಿಸ್ಟ್ ಸ್ಟಿಂಗ್‌ಗೆ ಆ ಟ್ಯೂನ್ ಎಷ್ಟು ಹಿಡಿಸಲಿಲ್ಲ ಅಂದರೆ ಅದರಲ್ಲಿ ನುಡಿಸೋಕೇ ಒಪ್ಪಲಿಲ್ಲ. ಗಿಟಾರಿಸ್ಟೇ ಬೇಸ್ ಕೂಡ ನುಡಿಸಿಕೊಂಡ. ಬೇಸಿಸ್ಟ್‌ಗಳ ಹಟ ನನಗೆ ಅರ್ಥ ಆಗುತ್ತೆ ಬಿಡಿ.

ಸ್ಕಾಟ್‌ಲೆಂಡಿನ ಗ್ಲಾಸ್ಗೋದ ಬ್ಯಾಂಡ್ ಮೊಗ್ವಾಯ್‌ ಅವರಂತೂ 2008ರ ಆಲ್ಬಮ್ಮನ್ನು ‘ಐಯಾಮ್ ಜಿಮ್ ಮಾರಿಸನ್, ಐಯಾಮ್ ಡೆಡ್’ ಅನ್ನುವ ಟ್ಯೂನಿನಿಂದ ಶುರು ಮಾಡುತ್ತಾರೆ. ಕೇಳಿದರೆ ಎದೆ ಭಾರ ಆಗುವ ಪಿಯಾನೋ. ಹೆಸರು ಓದಿದರೆ ನಗು, ಎಂದೋ ತೀರಿಕೊಂಡ ರಾಕ್ ಗಾಯಕ ಜಿಮ್ ಮಾರಿಸನ್ ತಾನೇ ಬಂದು ‘ನಾನು ಸತ್ತಿದ್ದೇನೆ’ ಅಂದ ಹಾಗೆ. ಎರಡಕ್ಕೂ ಸಂಬಂಧ ಇಲ್ಲದ್ದೇ ಒಳ್ಳೇದಾಯಿತು, ಹೇಗೆ ಕೇಳಬೇಕು ಅಂತ ಆ ಹೆಸರು ನಮಗೆ ಪಾಠ ಮಾಡಲ್ಲ. ‘ಅನಂತ’, ‘ಮೌನ’ ಮಾಡೋದು ಬರೀ ಅದೇ ಕೆಲಸ. ಅದೂ ಡ್ರಮ್ಸ್ ಇರುವ ಟ್ಯೂನಿಗೆ ‘ಮೌನ’!

ಕಳೆದ ತಿಂಗಳು ಒಂದು ಚಿಕ್ಕ ಶೋ ಇತ್ತು. ಏನೇನು ನುಡಿಸಬೇಕು ಅಂತ ಬರೆದು ಕಾಲ ಬಳಿ ಅಂಟಿಸಿದ್ದ ಚೀಟಿಯಲ್ಲಿ ‘ಮೋಟರ್’ ಅಂತಲೇ ಇತ್ತು. ಬರೆದಿದ್ದು ‘ಅಂತರ್ಜಲ’ ಬೇಕು ಅಂತ ಹಟ ಹಿಡಿದಿದ್ದ ಅದೇ ಗಿಟಾರಿಸ್ಟ್. ಕೇಳಿದ್ದಕ್ಕೆ “ಚೀಟೀಲಿ ಜಾಗ ಇರ್ಲಿಲ್ಲ” ಅಂದ.

ಈಗ ಇನ್ನೊಂದು ಟ್ಯೂನ್ ರೆಡಿ ಆಗಿದೆ. ಲ್ಯಾಪ್‌ಟಾಪಿನಲ್ಲಿ ಅದರ ಹೆಸರು ‘ಹೊಸದು 4 ಫೈನಲ್ 2’. ಡ್ರಮ್ಮರ್ ಅದನ್ನು ‘ಕಡ್ಲೆಕಾಯಿ’ ಅಂತಾನೆ, ಪರಿಷೆಯಲ್ಲಿ ಕಡ್ಲೆಕಾಯಿ ತಿಂದು ಬಂದ ದಿನ ಮಾಡಿದ್ದು ಅಂತ. ಗಿಟಾರಿಸ್ಟ್ ನಿನ್ನೆ ರಾತ್ರಿ ಗ್ರೂಪಿನಲ್ಲಿ ‘ಬೀಜಾಂಕುರ’ ಅಂತ ಹಾಕಿದ್ದಾನೆ. ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ.