ರಶೀದಿ ಕೇಳದ ಅಕ್ಕಿ ಮೂಟೆ

ಓದುವ ಕಾಲಕ್ಕೆ ನನಗೆ ಎರಡು ವರ್ಷ ಅನ್ನ ಹಾಕಿದ ಮಂಡ್ಯದ ಉಚಿತ ವಿದ್ಯಾರ್ಥಿನಿಲಯಕ್ಕೆ ಹೋಗಿ ಲೆಕ್ಕದ ಪುಸ್ತಕ ನೋಡಿಕೊಡುವುದು, ನ್ಯೂಜೆರ್ಸಿಯಲ್ಲಿ ನೆಲೆಸಿದ ಮೇಲೂ ನಾನು ಉಳಿಸಿಕೊಂಡಿರುವ ರೂಢಿ. ಈಚಿನ ವರ್ಷಗಳಲ್ಲಿ ಆ ಪುಸ್ತಕದ ಮಾರ್ಚ್ ತಿಂಗಳ ಪುಟಗಳು ತೆಳುವಾಗುತ್ತಿವೆ. ಮೈಸೂರು, ಬೆಂಗಳೂರುಗಳಲ್ಲಿ ಸಂಬಳದ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಮಾರ್ಚ್ ಕೊನೆಯ ವಾರದಲ್ಲಿ ಐದೋ ಹತ್ತೋ ಸಾವಿರ ಕಳಿಸುತ್ತಿದ್ದರು, ವಿದ್ಯಾರ್ಥಿನಿಲಯದಿಂದ ಅವರಿಗೆ 80ಜಿ ರಶೀದಿ, ಎಂದರೆ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ರಶೀದಿ, ಹೋಗುತ್ತಿತ್ತು. ಈಗ ಎರಡೂ ಕಡಿಮೆಯಾಗಿವೆ. ಕಾರ್ಯದರ್ಶಿಗಳಾದ ನಿವೃತ್ತ ಮೇಷ್ಟ್ರನ್ನು ಕೇಳಿದರೆ, “ತೆರಿಗೆ ಉಳೀತದೆ ಅಂತ ಕೊಡ್ತಿದ್ರು, ಈಗ ಉಳಿಯಲ್ಲ, ಕೊಡಲ್ಲ ಕಣಪ್ಪ” ಎಂದರು.

ಮೇಷ್ಟ್ರು ಹೇಳಿದ ಕಾರಣದಲ್ಲಿ ಸತ್ಯವಿದೆ. 2020ರ ಬಜೆಟ್ಟಿನಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ದಾನಕ್ಕೆ 80ಜಿ ವಿನಾಯಿತಿ ಇಲ್ಲ. 2023–24ರಿಂದ ಅದೇ ಸಹಜ ಆಯ್ಕೆಯಾಯಿತು, ಹಳೆಯದು ಬೇಕಾದವರು ತಾವಾಗಿಯೇ ಕೇಳಿ ಪಡೆಯಬೇಕಾಯಿತು. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳದಂತಾದಾಗ, ಸಂಬಳದಾರರು ಹಳೆಯದರಲ್ಲಿ ಉಳಿಯಲು ಕಾರಣಗಳು ಇನ್ನೂ ಕಡಿಮೆಯಾದವು.

ಆದರೂ ಒಂದು ಲೆಕ್ಕ ಹಾಕಿ ನೋಡಬೇಕು. ಇಂಥ ಸಂಸ್ಥೆಗೆ ಹತ್ತು ಸಾವಿರ ಕೊಟ್ಟರೆ ಅರ್ಧಕ್ಕೆ ಮಾತ್ರ ವಿನಾಯಿತಿ ಸಿಗುತ್ತಿತ್ತು. ಶೇಕಡಾ 30ರ ತೆರಿಗೆ ಕಟ್ಟುವವನಿಗೂ ಸೆಸ್ ಸೇರಿ ಉಳಿಯುತ್ತಿದ್ದದ್ದು 1,560 ರೂಪಾಯಿ. ಮಿಕ್ಕ ಎಂಟು ಸಾವಿರಕ್ಕೂ ಹೆಚ್ಚಿನ ಹಣವನ್ನು ಆತ ತನ್ನ ಕೈಯಿಂದಲೇ ಕೊಡುತ್ತಿದ್ದ. ಇಷ್ಟು ಸಣ್ಣ ಉಳಿತಾಯ ನಿಂತೊಡನೆ ಇಡೀ ದಾನವೇ ನಿಂತಿತೆಂದರೆ, ಅವನಿಗೂ ಸಂಸ್ಥೆಗೂ ಇದ್ದ ನಂಟು ರಶೀದಿಯೊಂದೇ ಆಗಿತ್ತೆಂದು ತಿಳಿಯಬೇಕಾಗುತ್ತದೆ. ಅದಕ್ಕೆ ಅವನನ್ನಷ್ಟೇ ದೂರಲಾರೆ. ನನ್ನ ಜೊತೆಗೆ ಓದಿದವನೊಬ್ಬ ಹೇಳಿದಂತೆ, ಸಂಸ್ಥೆಯಿಂದ ಅವನಿಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಕರೆಯಲ್ಲಿ ಮೊದಲ ಪ್ರಶ್ನೆ ಪ್ಯಾನ್ ನಂಬರಿನದೇ ಆಗಿರುತ್ತಿತ್ತು.

ಅದೇ ಪುಸ್ತಕದಲ್ಲಿ ಸುಗ್ಗಿ ಮುಗಿದ ತಿಂಗಳುಗಳ ಪುಟಗಳು ಮಾತ್ರ ತೆಳುವಾಗಿಲ್ಲ. ಸುತ್ತಲ ಹಳ್ಳಿಗಳ ರೈತರು ಅಕ್ಕಿ, ರಾಗಿ, ಬೆಲ್ಲ ತಂದು ಹಾಕುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ವಸ್ತುರೂಪದ ದಾನಕ್ಕೆ 80ಜಿ ಎಂದೂ ಸಲ್ಲುತ್ತಿರಲಿಲ್ಲ. ಹಾಗಾಗಿ ಕಾನೂನು ಬದಲಾದದ್ದು ಅವರಿಗೆ ಗೊತ್ತೂ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮೇಷ್ಟ್ರು ಅವರ ಮನೆಯ ಮದುವೆಗೆ ಹೋಗುತ್ತಾರೆ, ಯಾರ ಬೋರ್‌ವೆಲ್ ಬತ್ತಿತೆಂದು ಬಲ್ಲರು, ಮೂಟೆ ತಂದವರನ್ನು ಹುಡುಗರ ಪಂಕ್ತಿಯಲ್ಲೇ ಕೂರಿಸಿ ಊಟ ಹಾಕಿ ಕಳಿಸುತ್ತಾರೆ. ಒಂದೇ ಸಂಸ್ಥೆ ಒಂದು ಬಗೆಯ ದಾನಿಯನ್ನು ನಂಟನಂತೆಯೂ ಇನ್ನೊಂದು ಬಗೆಯವನನ್ನು ಲೆಕ್ಕದ ಸಾಲಿನಂತೆಯೂ ಕಂಡಿದೆ.

ಅಮೆರಿಕದಲ್ಲಿ ನಾನು ಇಂಥದೇ ಬದಲಾವಣೆಯನ್ನು ದಾನಿಯಾಗಿ ಕಂಡೆ. 2017ರ ಕೊನೆಯಲ್ಲಿ ಬಂದ ಕಾಯ್ದೆ, ತೆರಿಗೆ ಬೀಳುವ ಆದಾಯದಲ್ಲಿ ದಂಪತಿಗಳಿಗೆ ಲೆಕ್ಕ ಕೇಳದೆ ಕೊಡುವ ಕಡಿತವನ್ನು 12,700 ಡಾಲರಿನಿಂದ 24,000ಕ್ಕೆ ಏರಿಸಿತು. ಬಿಡಿ ಖರ್ಚುಗಳ ಮೊತ್ತ ಈ ಕಡಿತವನ್ನು ಮೀರಿದರಷ್ಟೇ ಅವನ್ನು ತೋರಿಸಿ ಲಾಭ; ಹಾಗಾಗಿ ದಾನವನ್ನು ಬಿಡಿಬಿಡಿಯಾಗಿ ತೋರಿಸಿ ತೆರಿಗೆ ಉಳಿಸುತ್ತಿದ್ದ ನಮ್ಮಂಥ ಬಹುಪಾಲು ಮನೆಗಳಿಗೆ ಆ ಉಳಿತಾಯ ತಪ್ಪಿತು. ನಮ್ಮ ಊರಿನ ಆಹಾರ ವಿತರಣಾ ಕೇಂದ್ರದವರು ಆಗ ಸುಮ್ಮನೆ ಕೂರಲಿಲ್ಲ. ಇನ್ನು ಮುಂದೆ ನಿಮಗೆ ತೆರಿಗೆ ಉಳಿಯದಿರಬಹುದು ಎಂದು ಮುಚ್ಚುಮರೆಯಿಲ್ಲದೆ ಪತ್ರ ಬರೆದು, ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೊಡುವ ಬದಲು ತಿಂಗಳಿಗಿಷ್ಟೆಂದು ಚಿಕ್ಕದಾಗಿ ಕೊಡಲಾದೀತೇ ಎಂದು ಕೇಳಿದರು. ನಾನು ಇಂದಿಗೂ ತಿಂಗಳಿಗಿಷ್ಟು ಕೊಡುತ್ತಿದ್ದೇನೆ. 2026ರಿಂದ ಬಿಡಿ ಲೆಕ್ಕ ತೋರಿಸದ ದಂಪತಿಗಳಿಗೂ 2,000 ಡಾಲರ್‌ವರೆಗಿನ ನಗದು ದಾನಕ್ಕೆ ಕಡಿತ ಸಿಗುವಂತಾಗಿದೆ. ಅದನ್ನೂ ಅವರೇ ತಿಳಿಸಿದರು. (ಅಲ್ಲಿನ ಎಲ್ಲವೂ ಅನುಕರಣೀಯವೆಂದಲ್ಲ. ಒಮ್ಮೆ ಇಪ್ಪತ್ತು ಡಾಲರ್ ಕೊಟ್ಟ ತಪ್ಪಿಗೆ ಇನ್ನೊಂದು ಸಂಸ್ಥೆ ನನ್ನ ಹೆಸರನ್ನು ತಪ್ಪಾಗಿ ಅಚ್ಚು ಮಾಡಿದ ವಿಳಾಸದ ಚೀಟಿಗಳನ್ನು ವರ್ಷಗಟ್ಟಲೆ ಕಳಿಸಿತು.)

ತಿಂಗಳ ವಂತಿಗೆಯೆಂಬುದು ನಮಗೆ ಹೊರಗಿನಿಂದ ಬರಬೇಕಾದ ಉಪಾಯವೂ ಅಲ್ಲ. ಮೈಸೂರಿನಲ್ಲಿ ಓದಲು ಬಂದ ಬಡ ಹುಡುಗರನ್ನು ಹಿಂದೆ ಸಾಕಿದ್ದು ವಾರಾನ್ನ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಯಾರಿಗೂ ಹೊರೆಯಾಗದ ಪಾಲು, ತಪ್ಪದೆ ಬರುವ ದಿನ, ಎದುರಿಗೆ ಕೂತು ಉಣ್ಣುವ ಹುಡುಗ. ಹಳೆಯ ವಿದ್ಯಾರ್ಥಿಯೊಬ್ಬ ತಿಂಗಳಿಗೊಂದು ದಿನದ ಅಡುಗೆಯ ಖರ್ಚನ್ನು ವಹಿಸಿಕೊಂಡರೆ ಅದು ವಾರಾನ್ನದ ಇಂದಿನ ರೂಪವೇ ಆಗುತ್ತದೆ. ನಾನಂತೂ ಹಾಗೆ ಮಾಡುತ್ತಿದ್ದೇನೆ. ಮಂಡ್ಯಕ್ಕೆ ನೇರವಾಗಿ ಕಳಿಸುವ ಹಣಕ್ಕೆ ಅಮೆರಿಕದಲ್ಲಿ ನನಗೆ ಬಿಡಿಗಾಸಿನ ರಿಯಾಯಿತಿಯೂ ಇಲ್ಲ.

ಮನೆಸಾಲವೇ ಮೊದಲಾದ ಕಾರಣಗಳಿಂದ ಹಳೆಯ ಪದ್ಧತಿಯಲ್ಲೇ ಉಳಿದವರು ಕೆಲವರಿದ್ದಾರೆ, ಅವರಿಗೆ ರಶೀದಿ ಈಗಲೂ ಬೇಕು. ಅವರು ಯಾರೆಂದು ಕೇಳಿ ಬರೆದಿಟ್ಟುಕೊಂಡು, ಮೇ 31ರೊಳಗೆ ತೆರಿಗೆ ಇಲಾಖೆಗೆ ದಾನಿಗಳ ಪಟ್ಟಿಯಾದ 10ಬಿಡಿ ವಿವರ ಸಲ್ಲಿಸಿ, ದಾನ ಕೊಟ್ಟದ್ದಕ್ಕೆ 10ಬಿಇ ಪ್ರಮಾಣಪತ್ರವನ್ನು ಅವರ ಕೈಗೆ ಮುಟ್ಟಿಸಬೇಕು; ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ಮಿಕ್ಕವರಿಗೆ ವಿಷಯವನ್ನು ನೇರವಾಗಿ ಹೇಳಿಬಿಡುವುದೇ ಲೇಸೆಂದು ನಾನು ವಾದಿಸಿದೆ. ಮೇಷ್ಟ್ರು ಹಿಂಜರಿದರು, ವಿನಾಯಿತಿ ಇಲ್ಲವೆಂದು ನಾವೇ ಬಾಯಿಬಿಟ್ಟು ಹೇಳಿದರೆ ಉಳಿದ ನಾಲ್ಕು ಜನವೂ ಹೋದಾರೆಂಬುದು ಅವರ ಅಂಜಿಕೆ. ಕೊನೆಗೆ, ದಾನ ನಿಲ್ಲಿಸಿದವರಲ್ಲಿ ಹನ್ನೆರಡು ಮಂದಿಗೆ ಹಣದ ಮಾತೆತ್ತದೆ ಸಂಕ್ರಾಂತಿಯ ಊಟಕ್ಕೆ ಬನ್ನಿರೆಂದು ಕರೆ ಮಾಡಲು ಒಪ್ಪಿದರು.

ಐವರು ಬಂದರು. ಊಟವಾದ ಮೇಲೆ ಒಬ್ಬರು ತಮ್ಮ ಮಗನ ಹುಟ್ಟಿದ ತಾರೀಖು ಬರೆಸಿ, ಪ್ರತಿ ತಿಂಗಳ ಆ ದಿನದ ಅಡುಗೆ ತಮ್ಮದಿರಲಿ ಎಂದರು. ಮೇಷ್ಟ್ರು ಅಭ್ಯಾಸಬಲದಿಂದ ಪ್ಯಾನ್ ನಂಬರ್ ಕೇಳಿದರು.