ವರ್ಷಕ್ಕೆ 10,000 ಪೌಂಡಿನ ವರ

ವರನ ವರಮಾನ ವಿಚಾರಿಸುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸಿದವರಿಲ್ಲ ಎಂದುಕೊಂಡಿರುವವರು, 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಮೂರನೆಯ ಅಧ್ಯಾಯವನ್ನೊಮ್ಮೆ ಓದಬೇಕು. ಊರಿನ ನೃತ್ಯಕೂಟಕ್ಕೆ ಡಾರ್ಸಿ ಎಂಬ ಅಪರಿಚಿತ ಕಾಲಿಟ್ಟು ಐದು ನಿಮಿಷವಾಗುವುದರೊಳಗೆ, ಅವನಿಗೆ ವರ್ಷಕ್ಕೆ 10,000 ಪೌಂಡ್ ಆದಾಯವಿದೆಯೆಂಬ ಸುದ್ದಿ ಸಭಾಂಗಣವನ್ನೆಲ್ಲ ಸುತ್ತಿ ಬಂದಿರುತ್ತದೆ. ಗಂಡಸರು ಅವನ ನಿಲುವನ್ನು ಮೆಚ್ಚುತ್ತಾರೆ, ಹೆಂಗಸರು ಅವನ ರೂಪವನ್ನು ಹೊಗಳುತ್ತಾರೆ. ರಾತ್ರಿ ಅರ್ಧ ಕಳೆಯುವಷ್ಟರಲ್ಲಿ ಅವನ ಬಿಗುಮಾನ ಎಲ್ಲರಿಗೂ ತಿಳಿದುಹೋಗಿ, ಡರ್ಬಿಶೈರಿನಲ್ಲಿರುವ ಅವನ ಅಷ್ಟೂ ಆಸ್ತಿ ಸೇರಿದರೂ ಅವನ ಮಾನ ಉಳಿಸಲಾರದೆ ಹೋಗುತ್ತದೆ.

ಈ ಕಾದಂಬರಿಯಲ್ಲಿ ಹೀಗೆ ಲೆಕ್ಕಕ್ಕೆ ಸಿಗದವರು ಕಡಿಮೆ. ಡಾರ್ಸಿಯ ಗೆಳೆಯ ಬಿಂಗ್ಲಿಗೆ ತಂದೆ ಬಿಟ್ಟುಹೋದದ್ದು ಸುಮಾರು 1,00,000 ಪೌಂಡ್. ನಾಲ್ಕೈದು ಶೇಕಡಾ ಬಡ್ಡಿ ಹಿಡಿದರೆ, ಊರವರು ಹೇಳುವ ನಾಲ್ಕೈದು ಸಾವಿರದ ವರಮಾನ ಸರಿಯಾಗಿ ತಾಳೆಯಾಗುತ್ತದೆ. ಆದರೆ ಹಣವೆಲ್ಲ ಒಂದೇ ಜಾತಿಯದಲ್ಲ. ಡಾರ್ಸಿಯದು ಜಮೀನಿನಿಂದ ಬಂದದ್ದು, ಬಿಂಗ್ಲಿಯದು ವ್ಯಾಪಾರದಿಂದ ಬಂದದ್ದು. ತಲಾ 20,000 ಪೌಂಡ್ ಒಡತಿಯರಾದ ಬಿಂಗ್ಲಿಯ ಸೋದರಿಯರು ಈ ಎರಡನೆಯ ಸಂಗತಿಯನ್ನು ಅನುಕೂಲಕ್ಕೆ ತಕ್ಕಂತೆ ಮರೆತು, ನಾಯಕಿ ಎಲಿಜಬೆತ್‌ಳ ಸೋದರಮಾವ ಲಂಡನ್ನಿನ ವ್ಯಾಪಾರಿಗಳ ಬೀದಿಯಲ್ಲಿ ವಾಸವಾಗಿದ್ದಾನೆಂದು ಹೊಟ್ಟೆ ತುಂಬ ನಗುತ್ತಾರೆ. ನಿನ್ನೆ ಮೊನ್ನೆ ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದವರಿಗೇ ಗಲ್ಲಾಪೆಟ್ಟಿಗೆಯ ಮೇಲೆ ತಿರಸ್ಕಾರ ಹೆಚ್ಚು.

ಎಲಿಜಬೆತ್‌ಳ ತಾಯಿ ಬೆನೆಟ್ಟಮ್ಮನ (ಹಾಗೆ ಕರೆಯದಿರಲು ನನ್ನಿಂದಾಗದು) ವರಾನ್ವೇಷಣೆಯನ್ನು ಕಂಡು ಓದುಗರು ನಗುತ್ತಾರೆ; ನಗಲೆಂದೇ ಲೇಖಕಿ ಆಕೆಯನ್ನು ಸೃಷ್ಟಿಸಿದ್ದಾರೆ. ಆದರೆ ಆಕೆ ಬಾಯಿಬಿಟ್ಟು ಎಣಿಸುವುದನ್ನೇ ಲೇಖಕಿ ಬಾಯಿ ಮುಚ್ಚಿಕೊಂಡು ಎಣಿಸುತ್ತಾರೆ. ಬೆನೆಟ್ಟರ ಆಸ್ತಿಯ ಹುಟ್ಟುವಳಿ ವರ್ಷಕ್ಕೆ 2,000 ಪೌಂಡ್. ಆ ಆಸ್ತಿ ಗಂಡು ವಾರಸುದಾರನಿಗೇ ಸೇರಬೇಕೆಂಬ ಕರಾರಿದೆ, ಇರುವವರು ಐವರು ಹೆಣ್ಣುಮಕ್ಕಳು. ಯಜಮಾನ ಕಣ್ಣು ಮುಚ್ಚಿದ ದಿನ ಮನೆ ದೂರದ ನೆಂಟ, ಪಾದ್ರಿ ಕಾಲಿನ್ಸನ ಪಾಲಾಗುತ್ತದೆ. ಇಂಥ ಸ್ಥಿತಿಯಲ್ಲಿ ವರ ಹುಡುಕಲು ಒದ್ದಾಡುವ ತಾಯಿಗೆ ಬುದ್ಧಿ ಸಾಲದಿರಬಹುದು, ಕಾರಣವಂತೂ ಬೇಕಾದಷ್ಟಿದೆ.

ಆ ಕಾಲಿನ್ಸನೇ ಎಲಿಜಬೆತ್‌ಳನ್ನು ಮದುವೆಯಾಗುತ್ತೇನೆಂದು ಬರುತ್ತಾನೆ. ಪ್ರೇಮನಿವೇದನೆಯ ನಡುವೆಯೇ, ನಾಲ್ಕು ಶೇಕಡಾ ಬಡ್ಡಿಯ ಸಾಲಪತ್ರಗಳಲ್ಲಿರುವ 1,000 ಪೌಂಡ್ ಮಾತ್ರ ಅವಳ ಪಾಲಿಗೆ ಬರುವುದೆಂದೂ, ಅದೂ ತಾಯಿ ತೀರಿಕೊಂಡ ಮೇಲೆ ಎಂದೂ, ಇದನ್ನು ತಾನು ಮುಂದೆಂದೂ ಎತ್ತಿ ಆಡುವುದಿಲ್ಲವೆಂದೂ ಭರವಸೆ ಕೊಡುತ್ತಾನೆ. ಅಂದರೆ ವರ್ಷಕ್ಕೆ 40 ಪೌಂಡ್. ಅಷ್ಟನ್ನೇ ನೆಚ್ಚಿಕೊಂಡ ಹುಡುಗಿ ‘ಒಲ್ಲೆ’ ಎನ್ನುತ್ತಾಳೆ. ಮುಂದೆ 10,000 ಪೌಂಡಿನ ಡಾರ್ಸಿ ಮೊದಲ ಸಲ ಬಂದು ಕೇಳಿದಾಗಲೂ ಹಾಗೆಯೇ ಅನ್ನುತ್ತಾಳೆ. ಅಂಕಿಗಳನ್ನು ಮುಚ್ಚಿಟ್ಟು ಈ ಕಥೆ ಹೇಳಿದ್ದರೆ ಆ ನಿರಾಕರಣೆ ಬರಿಯ ಬಿಂಕವಾಗಿ ಕಾಣುತ್ತಿತ್ತು.

ನನಗೆ ಮಾತ್ರ ಎಲಿಜಬೆತ್‌ಗಿಂತ ಹೆಚ್ಚು ಕಾಡುವವಳು ಅವಳ ಗೆಳತಿ ಶಾರ್ಲೆಟ್. ವಯಸ್ಸು 27, ರೂಪವಿಲ್ಲ, ಹಣವಿಲ್ಲ. ಎಲಿಜಬೆತ್ ಬೇಡವೆಂದ ಕಾಲಿನ್ಸನನ್ನು ಮೂರು ದಿನ ಕಳೆಯುವುದರೊಳಗೆ ಅವಳು ಒಪ್ಪಿಕೊಂಡುಬಿಡುತ್ತಾಳೆ. ತನಗೆ ಬೇಕಾಗಿರುವುದು ನೆಮ್ಮದಿಯ ಒಂದು ಮನೆ ಮಾತ್ರ ಎನ್ನುತ್ತಾಳೆ. ಮದುವೆಯಾದ ಮೇಲೆ ಎಲಿಜಬೆತ್ ಆ ಮನೆಗೆ ಹೋದಾಗ, ವಿಶಾಲವಾದ, ಹೊರನೋಟವೂ ಚೆನ್ನಾಗಿರುವ ಊಟದ ಕೋಣೆಯನ್ನು ಬಿಟ್ಟು ಶಾರ್ಲೆಟ್ ಹಿಂಬದಿಯ ಕೋಣೆಯಲ್ಲಿ ಏಕೆ ಕೂರುತ್ತಾಳೆಂದು ಮೊದಲು ಅರ್ಥವಾಗುವುದಿಲ್ಲ. ಗಂಡನ ಕೋಣೆ ರಸ್ತೆಯ ಕಡೆಗಿದೆ. ಹೋಗಿಬರುವ ಗಾಡಿಗಳನ್ನು ನೋಡುತ್ತ ಅವನು ಅಲ್ಲೇ ಇರುತ್ತಾನೆ. ಹೆಂಡತಿಯ ಕೋಣೆಯೂ ಅಷ್ಟೇ ಲವಲವಿಕೆಯದಾಗಿದ್ದರೆ ಅವನು ಇಲ್ಲಿಗೇ ಬಂದು ಕೂರುತ್ತಿದ್ದ. ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಅವನನ್ನು ಹುರಿದುಂಬಿಸುವವಳೂ ಅವಳೇ. ಪ್ರೀತಿಯಿಲ್ಲದ ಮದುವೆಯಲ್ಲಿ ದಿನದ ಇಷ್ಟು ಗಂಟೆಗಳನ್ನು ತನ್ನದಾಗಿ ಉಳಿಸಿಕೊಂಡ ಇವಳ ಜಾಣತನವನ್ನು ಸೋಲೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಡಾರ್ಸಿಯ ಮೇಲೆ ಒಲವು ಹುಟ್ಟಿದ್ದು ಯಾವಾಗ ಎಂದು ಅಕ್ಕ ಕೇಳಿದಾಗ, ಪೆಂಬರ್ಲಿಯ ಅವನ ಸುಂದರ ಉದ್ಯಾನವನ್ನು ಮೊದಲು ಕಂಡಾಗಿನಿಂದ ಇರಬೇಕು ಎಂದು ಎಲಿಜಬೆತ್ ತಮಾಷೆ ಮಾಡುತ್ತಾಳೆ. ಅದು ಪೂರ್ತಿ ತಮಾಷೆಯಲ್ಲವೆಂಬ ಗುಮಾನಿ ನನ್ನದು. ಅವಳ ತಂಗಿ ಲಿಡಿಯಾ ವಿಕಮ್ ಎಂಬ ಠಕ್ಕನೊಡನೆ ಓಡಿಹೋದಾಗ, ಅವನ 1,000 ಪೌಂಡಿಗೂ ಮಿಕ್ಕ ಸಾಲ ತೀರಿಸಿ, ಲಿಡಿಯಾಳ ಹೆಸರಿಗೆ ಇನ್ನೂ 1,000 ಪೌಂಡ್ ಇಟ್ಟು, ಅವನಿಗೆ ಸೈನ್ಯದಲ್ಲಿ ಹುದ್ದೆ ಕೊಡಿಸಿ ಮದುವೆ ಮಾಡಿಸಿದವನು ಡಾರ್ಸಿ. ಅದನ್ನು ಯಾರಿಗೂ ತಿಳಿಸಬಾರದೆಂದೂ ಕಟ್ಟಪ್ಪಣೆ ಮಾಡಿದ್ದ. ಹಣ ಕೊಟ್ಟವನು ಭಾವಮೈದುನನೆಂದೇ ತಿಳಿದಿದ್ದ ಬೆನೆಟ್ಟರಿಗೆ ಗುಟ್ಟು ಬಯಲಾದಾಗ ಎಲ್ಲಿಲ್ಲದ ನಿರಾಳ. ಭಾವಮೈದುನನಿಗಾದರೆ ಹಣ ಹಿಂತಿರುಗಿಸಲೇಬೇಕಿತ್ತು. ಪ್ರೇಮಿಯಾದರೆ ಕೊಡುತ್ತೇನೆಂದು ಹೇಳಿದರೆ ಸಾಕು, ಪ್ರೀತಿಯ ಹೆಸರಿನಲ್ಲಿ ರೇಗಾಡಿ ಬೇಡವೆನ್ನುತ್ತಾನೆ, ವ್ಯವಹಾರ ಅಲ್ಲಿಗೆ ಮುಗಿಯಿತು ಎಂಬುದು ಅವರ ಲೆಕ್ಕ.

ಇಷ್ಟು ಜನರ ಜಮಾಖರ್ಚು ಬರೆದ ಆಸ್ಟಿನ್ ಈ ಕೃತಿಯ ಹಕ್ಕನ್ನು ಪ್ರಕಾಶಕ ಎಗರ್ಟನ್‌ಗೆ ಮಾರಿಬಿಟ್ಟರು. 150 ಪೌಂಡ್ ಸಿಕ್ಕಿದ್ದರೆ ಚೆನ್ನಾಗಿತ್ತೆಂಬ ಆಸೆ ಅವರಿಗಿತ್ತು, ಸಿಕ್ಕಿದ್ದು 110. ಪುಸ್ತಕದ ಮೇಲೆ ಅವರ ಹೆಸರೂ ಅಚ್ಚಾಗಲಿಲ್ಲ. ಡಾರ್ಸಿಯ ಆದಾಯದ ದರದಲ್ಲಿ ನೋಡಿದರೆ ಅದು ಅವನ ನಾಲ್ಕು ದಿನದ ಗಳಿಕೆ.