ಸ್ಪಷ್ಟನೆ: ಪವರ್ ಸ್ಟ್ರೋಕ್ ಒಂದು ಕಂಪನಿಯಲ್ಲ

ಅಮೆರಿಕದ ಪಿಕಪ್ ಟ್ರಕ್‌ಗಳ ಕುರಿತು ಹರಿದಾಡುತ್ತಿರುವ ಬರಹವೊಂದು, ಪವರ್ ಸ್ಟ್ರೋಕ್, ಡ್ಯೂರಾಮ್ಯಾಕ್ಸ್ ಮತ್ತು ಕಮ್ಮಿನ್ಸ್ ಮೂರೂ ಎಂಜಿನ್ ತಯಾರಿಸುವ ಸ್ವತಂತ್ರ ಕಂಪನಿಗಳೆಂದು ಹೇಳುತ್ತದೆ. ಇದು ಸರಿಯಲ್ಲ. ಈ ಮೂರರಲ್ಲಿ ಕಂಪನಿಯ ಹೆಸರು ಕಮ್ಮಿನ್ಸ್ ಒಂದೇ. 1989ರ ಮಾದರಿಯಿಂದ ಡಾಜ್ ರ‍್ಯಾಮ್ ಟ್ರಕ್‌ಗಳಿಗೆ (ಈಗ ಬ್ರ್ಯಾಂಡ್ ಹೆಸರು ರ‍್ಯಾಮ್ ಎಂದಷ್ಟೇ) ಅದು ಡೀಸೆಲ್ ಎಂಜಿನ್ ಪೂರೈಸುತ್ತ ಬಂದಿದೆ.

ಪವರ್ ಸ್ಟ್ರೋಕ್ ಎಂಬುದು ಫೋರ್ಡ್ ತನ್ನ ಡೀಸೆಲ್ ಎಂಜಿನ್‌ಗಳಿಗೆ ಇಟ್ಟುಕೊಂಡ ಮಾರಾಟದ ಹೆಸರು. ಗೊಂದಲಕ್ಕೆ ಕಾರಣವಿಲ್ಲದಿಲ್ಲ: 1994ರಲ್ಲಿ ಬಂದ 7.3 ಲೀಟರ್ (ಸಿಲಿಂಡರ್‌ಗಳ ಒಟ್ಟು ಗಾತ್ರ) ಎಂಜಿನ್ ಹಾಗೂ ಅದರ ನಂತರದ 6.0 ಮತ್ತು 6.4 ಲೀಟರ್ ಎಂಜಿನ್‌ಗಳನ್ನು ನ್ಯಾವಿಸ್ಟಾರ್ ಎಂಬ ಬೇರೊಂದು ಕಂಪನಿ ತಯಾರಿಸಿಕೊಟ್ಟಿತ್ತು. 2011ರ ಮಾದರಿಯ 6.7 ಲೀಟರ್ ಎಂಜಿನ್‌ನಿಂದ ಮುಂದಕ್ಕೆ ವಿನ್ಯಾಸವೂ ತಯಾರಿಕೆಯೂ ಫೋರ್ಡ್‌ನದೇ ಆದರೂ, ಬಾನೆಟ್ಟಿನ ಪಕ್ಕದ ಹೆಸರು ಮಾತ್ರ ಬದಲಾಗಲಿಲ್ಲ. ಮಾರಾಟಗಾರರಿಗೆ ಬೇಕಾಗಿದ್ದೂ ಅದೇ ಇರಬೇಕು.

ಡ್ಯೂರಾಮ್ಯಾಕ್ಸ್ ಜನರಲ್ ಮೋಟರ್ಸ್‌ನ ಬ್ರ್ಯಾಂಡ್. ಅದರ 6.6 ಲೀಟರ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಡೀಸೆಲ್ ಎಂಜಿನ್ ತಯಾರಿಸಲು ಜಪಾನಿನ ಇಸುಝು ಜೊತೆಗೂಡಿ ಒಹಾಯೊದ ಮೊರೇನ್‌ನಲ್ಲಿ ಸ್ಥಾಪಿಸಿ, 2022ರವರೆಗೆ ಜಂಟಿಯಾಗಿ ನಡೆಸಿದ ಕಂಪನಿಯ ಹೆಸರು ಡಿಮ್ಯಾಕ್ಸ್. ಎರಡು ಹೆಸರುಗಳ ಹೋಲಿಕೆಯೇ ತಪ್ಪು ತಿಳಿವಳಿಕೆಗೆ ದಾರಿಯಾಗಿರಬಹುದು.

ಲೀಟರ್ ಸಂಖ್ಯೆಯೊಂದನ್ನೇ ನೋಡಿ ಎಂಜಿನ್ ಗುರುತಿಸಬಹುದೆಂಬ ಅದೇ ಬರಹದ ಸಲಹೆಯೂ ಅಪಾಯಕಾರಿ. 2020ರ ಮಾದರಿಯಲ್ಲಿ ಫೋರ್ಡ್ ಮತ್ತೆ 7.3 ಲೀಟರ್ ಎಂಜಿನ್ ತಂದಿತು. ಅದು ಪೆಟ್ರೋಲ್ ವಿ8, ಹಳೆಯ ಪವರ್ ಸ್ಟ್ರೋಕ್‌ಗೂ ಅದಕ್ಕೂ ಸಂಬಂಧವಿಲ್ಲ. ಜನರಲ್ ಮೋಟರ್ಸ್‌ನ 6.6 ಲೀಟರ್ ಕೂಡ ಪೆಟ್ರೋಲ್, ಡೀಸೆಲ್ ಎರಡರಲ್ಲೂ ಇದೆ. ಬಿಡಿಭಾಗ ತರಿಸುವವರು ಇಂಧನದ ಬಗೆ, ಮಾದರಿ ವರ್ಷ ಮತ್ತು ವಾಹನ ಗುರುತಿನ ಸಂಖ್ಯೆಯನ್ನು ಒಟ್ಟಿಗೆ ನೋಡತಕ್ಕದ್ದು.